ತೋಟಗಾರನ ಎರಡು ಟೋಪಿ

ನಾನು ಜರ್ಮನ್ ಭಾಷೆ ಓದಿದವನು. ಇದನ್ನು ಬಡಾಯಿ ಎಂದು ತಿಳಿಯಬಾರದು. ತಮಗೆ ಮೂಲವ್ಯಾಧಿ ಇದೆ ಎಂದು ಕೆಲವರು ಆಪ್ತರ ಹತ್ತಿರ ಮೆಲ್ಲಗೆ ಹೇಳಿಕೊಳ್ಳುತ್ತಾರಲ್ಲ, ಆ ಧಾಟಿಯಲ್ಲಿ ಹೇಳುತ್ತಿದ್ದೇನೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕನ್ನು ಜರಡಿ ಹಿಡಿದು ಜಾಲಿಸಿದರೂ ಈ ಭಾಷೆ ಬಲ್ಲ ಇನ್ನೊಬ್ಬ ಸಿಗುವುದು ಕಷ್ಟ. ಇದರಿಂದ ಒಂದು ಅನುಕೂಲವುಂಟು. ನನ್ನ ತಪ್ಪು ಹಿಡಿಯುವವರಿಲ್ಲ. ಅನನುಕೂಲವೂ ಉಂಟು. ಬಸ್ ನಿಲ್ದಾಣದಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೆಲ್ಲ "ಅಲ್ರೀ ಮೇಷ್ಟ್ರೇ, ಅದರಿಂದ ಏನು ಪ್ರಯೋಜನ?" ಎಂದು ಕೇಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅರಳಿಕಟ್ಟೆಯ ಮೇಲೆ ಇಸ್ಪೀಟಾಡುವವನನ್ನು ಯಾರೂ ಹೀಗೆ ಕೇಳಿದ್ದು ನಾನು ಕಂಡಿಲ್ಲ. ಆಟಕ್ಕೆ ಪ್ರಯೋಜನ ಬೇಡವಂತೆ, ಓದಿಗೆ ಬೇಕಂತೆ. ಬಹಳ ದಿನ ನಕ್ಕು ಮಾತು ತೇಲಿಸುತ್ತಿದ್ದೆ. ಈಗ ನನ್ನ ಹತ್ತಿರ ಒಂದು ಉತ್ತರವಿದೆ. ಆದರೆ ಅದನ್ನು ಪಂಕ್ತಿಯಲ್ಲಿ ಕೂತು ಹೇಳುವ ಹಾಗಿಲ್ಲ, ಬರೆಯಬಹುದು.

ಜರ್ಮನ್ನನ್ನು ನಾನು ಆಸೆಪಟ್ಟು ಆರಿಸಿಕೊಂಡದ್ದಲ್ಲ. ನಮ್ಮೂರು ತಾಳಗುಂದ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಅಕ್ಷರ ಕಲಿತವರಿಲ್ಲ. ಭತ್ತದ ಗದ್ದೆಯೇ ಎಲ್ಲರ ಪಾಠಶಾಲೆ. ನಾನು ಮೆಟ್ರಿಕ್ ದಾಟಿ ಇಂಟರ್ ದಾಟಿ ಬಿ.ಎ. ಆನರ್ಸ್ ಸೇರಲು ಮೈಸೂರಿಗೆ ಹೊರಟಾಗ ಅಪ್ಪ ಬಸ್ಸಿನ ಕಿಟಕಿಯ ಹತ್ತಿರ ನಿಂತು ಒಂದೇ ಒಂದು ಬುದ್ಧಿ ಹೇಳಿದರು. "ತಮ್ಮಾ, ಏನರ ಬರಿ, ಕಾಗದದಾಗೆ ಖಾಲಿ ಜಾಗ ಮಾತ್ರ ಬಿಡಬ್ಯಾಡ. ಬಿಟ್ಟಿ ಅಂದ್ರೆ ಅಲ್ಲಿ ಬ್ಯಾರೇರ ಹೆಸರು ಬಂದು ಕುಂತ್ಕಂತತಿ." ಇದು ಅನುಭವದ ಮಾತು. ನಮ್ಮಜ್ಜನ ಕಾಲದಲ್ಲಿ ಪಹಣಿಯ ಒಂದು ಕಾಲಂ ಖಾಲಿ ಉಳಿದು, ಅದರಲ್ಲಿ ಪಕ್ಕದ ಹೊಲದವನ ಹೆಸರು ಬಂದು ಕೂತು, ಅದನ್ನು ಎಬ್ಬಿಸಲು ಹನ್ನೆರಡು ವರ್ಷ ಹಿಡಿದಿತ್ತು. ನಾನು ಮೈಸೂರಿನ ಆ ದೊಡ್ಡ ಕಟ್ಟಡದಲ್ಲಿ ಪ್ರವೇಶದ ಅರ್ಜಿ ಹಿಡಿದು ಕೂತೆ. ಎಲ್ಲ ತುಂಬಿದೆ. ಕೊನೆಯಲ್ಲಿ ಒಂದು ಕಾಲಂ: ವಿದೇಶೀ ಭಾಷೆ, ಇಚ್ಛೆಯಿದ್ದಲ್ಲಿ. ನನಗೆ ಇಚ್ಛೆಯಿರಲಿಲ್ಲ. ಆದರೆ ಖಾಲಿ ಬಿಡುವ ಧೈರ್ಯವೂ ಇರಲಿಲ್ಲ. ಯುದ್ಧದ ಕಾಲದಲ್ಲಿ ಊರ ಕಟ್ಟೆಯ ಮೇಲೆ ಕೇಳಿದ್ದ ಹೆಸರೊಂದು ನೆನಪಾಯಿತು. ಬರೆದುಬಿಟ್ಟೆ. ಹೀಗೆ ನಮ್ಮಜ್ಜನ ಎರಡೆಕರೆ ಗದ್ದೆಯ ದೆಸೆಯಿಂದ ನಾನು ಮೂರು ವರ್ಷ ಜರ್ಮನ್ ಓದಿದೆ.

ತರಗತಿಯಲ್ಲಿ ನಾವು ಮೂವರು. ಇಬ್ಬರು ಡಾಕ್ಟರ ಮಕ್ಕಳು, ಮೂರನೆಯವನು ನಾನು. ಕಲಿಸುವವರು ಒಬ್ಬ ವಯಸ್ಸಾದ ಮೇಷ್ಟ್ರು. ಅವರು ಜೀವಮಾನದಲ್ಲಿ ಸಮುದ್ರ ದಾಟಿದವರಲ್ಲ. ಪುಸ್ತಕದಿಂದಲೇ ಕಲಿತು ಪುಸ್ತಕದಿಂದಲೇ ಕಲಿಸುತ್ತಿದ್ದರು. ಮೊದಲ ದಿನ ಪುಸ್ತಕ ತೆರೆದೆ. ಹಳೆಯ ಕಾಲದ ದಪ್ಪ ಕಪ್ಪು ಅಚ್ಚು. ಇಂಗ್ಲಿಷಿನ ಅಕ್ಷರವೇ ಅಂತೆ, ಆದರೆ ಒಂದೂ ಗುರುತು ಸಿಗದು. ಮುಳ್ಳಿನ ಬೇಲಿಯ ಹಾಗೆ ಕಾಣುತ್ತಿತ್ತು. ಪಕ್ಕದವರಿಬ್ಬರೂ ಸರಾಗ ಓದುತ್ತಿದ್ದರು. ನಾನು ಪುಸ್ತಕವನ್ನು ಒಮ್ಮೆ ದೂರ ಹಿಡಿದೆ, ಒಮ್ಮೆ ಹತ್ತಿರ ಹಿಡಿದೆ, ತಲೆಯಾಡಿಸಿದೆ. ಹಾಗೆ ತಲೆಯಾಡಿಸುವಾಗ ಥಟ್ಟನೆ ಗೊತ್ತಾಯಿತು, ಇದು ನಮ್ಮಪ್ಪನ ತಲೆಯಾಟ! ಶಾನುಭೋಗರ ಮುಂದೆ ಕಾಗದ ಹಿಡಿದು ನಿಂತಾಗ ಅಪ್ಪ ಹೀಗೇ ಮಾಡುತ್ತಿದ್ದರು. ದೂರ, ಹತ್ತಿರ, ಆಮೇಲೆ ಎಲ್ಲ ತಿಳಿದವರಂತೆ ಒಂದು ಗಂಭೀರವಾದ ತಲೆಯಾಟ. ಹೈಸ್ಕೂಲಿನಲ್ಲಿದ್ದಾಗ ಅದನ್ನು ನೋಡಿ ನಾನು ನಾಚಿಕೆಪಟ್ಟಿದ್ದೆ, ಒಂದು ಸಲ ನಕ್ಕೂ ಇದ್ದೆ. ಮೈಸೂರಿನ ಬೆಂಚಿನ ಮೇಲೆ ಆ ನಗು ವಾಪಸು ಬಂದು ನನ್ನ ಪಕ್ಕದಲ್ಲೇ ಕೂತಿತು. ಇವತ್ತಿಗೂ ನನ್ನ ತರಗತಿಯಲ್ಲಿ ಓದಲಾರದೆ ತಡವರಿಸುವ ಹುಡುಗನಿಗೆ ನಾನು ಬೆತ್ತ ಎತ್ತುವುದಿಲ್ಲ. ಎತ್ತಿದರೆ ಅದು ಅಪ್ಪನ ಬೆನ್ನಿಗೇ ಬಿದ್ದಂತೆ ಅನ್ನಿಸುತ್ತದೆ. ಜರ್ಮನ್ನಿನ ಪ್ರಯೋಜನ ಇಷ್ಟೇ ಆಗಿದ್ದರೂ ಸಾಕಿತ್ತು ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಆದರೆ ಇದನ್ನು ಕ್ಷೌರದಂಗಡಿಯಲ್ಲಿ ಹೇಗೆ ಹೇಳುವುದು?

ಆ ಮೇಷ್ಟ್ರಿಗೆ ಒಂದು ಪದ್ಧತಿಯಿತ್ತು. ದಿನಾ ಪಾಠ ಶುರುವಾಗುವ ಮುಂಚೆ ಮೊದಲನೆಯ ಪಾಠವನ್ನು ಮೂವರೂ ಒಟ್ಟಿಗೆ ಬಾಯಿಪಾಠ ಒಪ್ಪಿಸಬೇಕು, ಮಗ್ಗಿ ಹೇಳಿದ ರಾಗದಲ್ಲಿ. ಆ ಪಾಠದ ಸಾರಾಂಶ ಇಷ್ಟು: ತೋಟಗಾರನಿಗೆ ಎರಡು ಟೋಪಿಗಳಿವೆ. ಒಂದು ಹಳೆಯದು, ಒಂದು ಹೊಸದು. ಹೊಸದು ಭಾನುವಾರಕ್ಕೆ. ತೋಟಗಾರನ ಹೆಂಡತಿ ಕಿಟಕಿಯ ಬಳಿ ನಿಂತಿದ್ದಾಳೆ. ಅವಳು ಕೇಳುತ್ತಾಳೆ: ಹೊಸ ಟೋಪಿ ಏಕೆ? ಇವತ್ತು ಭಾನುವಾರವೇ? ತೋಟಗಾರ ಹೇಳುತ್ತಾನೆ: ಅಲ್ಲ, ಇವತ್ತು ಸೋಮವಾರ, ಆದರೆ ನನಗೆ ಇದೇ ಇಷ್ಟ. ನಾಯಿ ಮೇಜಿನ ಕೆಳಗಿದೆ. ನಾಯಿಗೂ ಟೋಪಿಗೂ ಏನು ಸಂಬಂಧವೆಂದು ಮೂರು ವರ್ಷದಲ್ಲಿ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಾಲುಗಳ ನಡುವೆ ನಾನು ಸೀಸದಕಡ್ಡಿಯಿಂದ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದೆ. ಆ ಪುಸ್ತಕ ಈಗಲೂ ನನ್ನ ಟ್ರಂಕಿನಲ್ಲಿದೆ.

ಡಿಗ್ರಿ ತೆಗೆದುಕೊಂಡು ಊರಿಗೆ ಬಂದ ದಿನ ಅಪ್ಪ ನನ್ನನ್ನು ನೇರವಾಗಿ ದೇವಸ್ಥಾನದ ಮುಂದಿರುವ ಶಾಸನದ ಕಂಬದ ಹತ್ತಿರ ಕರೆದುಕೊಂಡು ಹೋದರು. ಹಿಂದೆ ಹತ್ತು ಹನ್ನೆರಡು ಜನ. ಅಪ್ಪ ಚಿಕ್ಕವರಿದ್ದಾಗ ದನ ಮೇಯಿಸುತ್ತ ಆ ಕಂಬಕ್ಕೆ ಒರಗಿ ಕೂರುತ್ತಿದ್ದರಂತೆ. "ಓದು ತಮ್ಮಾ, ಏನಂತ ಬರದಾರೆ?" ಎಂದರು. ನಾನು ಕಂಬ ನೋಡಿದೆ. ಒಂದೂವರೆ ಸಾವಿರ ವರ್ಷದ ಹಿಂದಿನ ಲಿಪಿ. "ಇದು ನನಗೆ ಬರೋದಿಲ್ಲಪ್ಪ" ಎಂದೆ. ಹಿಂದಿನಿಂದ ಯಾರೋ "ಸೀಮೆಯಾಚೆ ಮಾತು ಬರ್ತತಂತೆ, ಊರ ಕಲ್ಲು ಬರಂಗಿಲ್ಲಂತೆ" ಎಂದರು. ಅಪ್ಪ ತಿರುಗಿ ನೋಡಿ "ಆ ಕಲ್ಲು ಎಲ್ಲಿಗೂ ಓಡಿ ಹೋಗಂಗಿಲ್ಲ. ಮೊದ್ಲು ದೂರದ್ದು ಕಲ್ತು ಬಂದಾನೆ, ಹತ್ರದ್ದು ನಿಧಾನ ಕಲೀತಾನೆ" ಎಂದು ನನ್ನನ್ನು ಬಿಡಿಸಿಕೊಂಡು ಬಂದರು. ಅವರು ನನ್ನ ಪರವಾಗಿ ಆಡಿದಷ್ಟು ಚೆಂದದ ಮಾತನ್ನು ನಾನು ಅವರ ಪರವಾಗಿ ಎಂದೂ ಆಡಿಲ್ಲ.

ಶಿಕಾರಿಪುರದ ಹೈಸ್ಕೂಲಿನಲ್ಲಿ ಕೆಲಸವಾಯಿತು. ಮುಂದಿನದು ಮದುವೆ. ನಿಜವಾದ ತೊಂದರೆ ಶುರುವಾದದ್ದು ಇಲ್ಲಿ. ಅಪ್ಪ ಹೋದಲ್ಲೆಲ್ಲ "ನಮ್ಮ ಹುಡುಗ ಜರ್ಮನ್ ಮಾತಾಡ್ತಾನ್ರಿ, ಗಿಳಿ ಹಂಗೆ" ಎಂದು ಹೇಳಿಕೊಂಡು ಬಂದಿದ್ದರು. ಮೊದಲನೆಯ ಸಂಬಂಧದವರು ಹುಡುಗ ಇನ್ನೇನು ಹಡಗು ಹತ್ತಿ ಹೋಗಿ ಬಿಳಿ ಹೆಂಡತಿಯನ್ನು ಕರೆತರುತ್ತಾನೆಂದು ಹೆದರಿ ಹಿಂದೆ ಸರಿದರು. ಎರಡನೆಯವರು ಹುಡುಗ ಮಾಂಸ ತಿನ್ನುತ್ತಾನೆಯೇ ಎಂದು ಮೂರು ಜನರ ಕೈಲಿ ವಿಚಾರಿಸಿ, ಮೂವರೂ ಇಲ್ಲವೆಂದದ್ದರಿಂದಲೇ ಸಂಶಯಪಟ್ಟು ಬಿಟ್ಟರು. ಹೀಗೆ ಎರಡು ಮನೆಯ ಮೆಟ್ಟಿಲು ಹತ್ತಿ ಇಳಿದ ಮೇಲೆ ಅಪ್ಪನ ಮುಖ ಸಣ್ಣದಾಗಿತ್ತು. ತಾವು ಹೆಮ್ಮೆಯಿಂದ ಹೊತ್ತು ತಿರುಗಿದ್ದೇ ಮಗನಿಗೆ ಅಡ್ಡಿಯಾಯಿತಲ್ಲ ಎಂದು ಅವರ ಸಂಕಟ. ಸೊರಬದ ಕಡೆ ಕುಪ್ಪಗಡ್ಡೆಯಿಂದ ಮೂರನೆಯ ಸಂಬಂಧ ಬಂದಾಗ "ಇದೂ ತಪ್ಪಿದ್ರೆ ನಾನು ಇನ್ಯಾರ ಮನೀಗೂ ಹೋಗಾದಿಲ್ಲ ತಮ್ಮಾ" ಎಂದರು. ನಯಾಪೈಸೆ ಹೊಸದಾಗಿ ಬಂದಿದ್ದ ವರ್ಷ ಅದು. ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಸ್ಸು, ಅಲ್ಲಿಂದ ಅವರು ಕಳಿಸಿದ ಎತ್ತಿನ ಗಾಡಿ. ದಾರಿಯುದ್ದಕ್ಕೂ ಅಪ್ಪ ಜರ್ಮನ್ ಎಂಬ ಶಬ್ದವನ್ನೇ ಎತ್ತಬಾರದೆಂದು ತಮಗೆ ತಾವೇ ಹೇಳಿಕೊಳ್ಳುತ್ತ ಬಂದರು.

ಹುಡುಗಿಗೆ ತಂದೆಯಿಲ್ಲ. ಮನೆಯಲ್ಲಿ ತಾಯಿ, ತಂದೆಯ ತಾಯಿಯಾದ ಅಜ್ಜಿ. ಮಾತುಕತೆಯ ಯಜಮಾನಿಕೆ ಸೋದರಮಾವನದು. ಅವರು ರೆವಿನ್ಯೂ ಇಲಾಖೆಯಲ್ಲಿ ಶೇಕ್ದಾರರು. ಎದುರು ಕೂತವರನ್ನೆಲ್ಲ ಜಮಾಬಂದಿಯ ಕಂದಾಯದ ಲೆಕ್ಕದಲ್ಲಿ ನೋಡಿ ರೂಢಿ. ಹುಡುಗಿ ಗಿರಿಜೆ ಬಂದು ಕಾಫಿ ಕೊಟ್ಟಳು, ಚಾಪೆಯ ಮೇಲೆ ಕೂತು ಒಂದು ಹಾಡು ಹೇಳಿದಳು. ಹಾಡು ಹೇಗಿತ್ತೋ ನನಗೆ ನೆನಪಿಲ್ಲ. ಲೋಟ ಕೊಡುವಾಗ ಅವಳ ಬಲಗೈಯ ನಡುಬೆರಳಿನ ಮೇಲೆ ಶಾಯಿಯ ಕಲೆ ಕಂಡೆ. ಹೆಣ್ಣು ನೋಡಲು ಬರುವವರಿದ್ದ ದಿನ ಕೂಡ ಕೂತು ಏನೋ ಬರೆದಿದ್ದಾಳೆ, ಉಜ್ಜಿ ತೊಳೆದರೂ ಹೋಗಿಲ್ಲ! ನನಗೆ ಆ ಕಲೆಯ ಮೇಲೆ ಮನಸ್ಸಾಯಿತು. ಈ ಸಂಬಂಧ ತಪ್ಪಬಾರದು ಎಂದು ಆಗ ಅಪ್ಪನಿಗಿಂತ ಹೆಚ್ಚಾಗಿ ನನಗೇ ಅನ್ನಿಸಿತು.

ಶೇಕ್ದಾರರು ಎಲೆಗೆ ಸುಣ್ಣ ಹಚ್ಚುತ್ತ ನಿಧಾನವಾಗಿ ಕೇಳಿದರು. "ಬಿ.ಎ. ಸರಿ. ಜರ್ಮನ್ ಯಾಕೆ ಓದಿದ್ರಿ?"

ಖಾಲಿ ಕಾಲಮ್ಮಿನ ಕಥೆ ಹೇಳುವುದು ಹೇಗೆ? "ಜ್ಞಾನಕ್ಕೆ" ಎಂದೆ.

"ಅದಕ್ಕೆ ಸರ್ಕಾರದಿಂದ ಅಲವೆನ್ಸು ಏನಾದ್ರೂ?"

"ಇಲ್ಲ."

"ಪ್ರಮೋಷನ್ನು?"

"ಇಲ್ಲ."

"ಇಪ್ಪತ್ತು ವರ್ಷ ಸರ್ವಿಸಾಯ್ತು ನಂದು. ಒಂದು ದಫ್ತರದಲ್ಲೂ ಜರ್ಮನ್ ಕಂಡಿಲ್ಲ ನಾನು" ಎಂದು ಶೇಕ್ದಾರರು ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ಯೋಚನೆ ಮಾಡಿ ಕಾಗದ ಬರೀತೀವಿ." ಈ ಮಾತಿನ ಅರ್ಥ ನಮಗೆ ಗೊತ್ತಿತ್ತು, ಎರಡು ಸಲ ಕೇಳಿದ್ದೆವು. ಅಪ್ಪ ತಾವು ದಾರಿಯುದ್ದಕ್ಕೂ ಮಾಡಿಕೊಂಡು ಬಂದ ನಿರ್ಧಾರ ಮರೆತರು. "ಹಂಗನ್ನಬ್ಯಾಡ್ರಿ ಶೇಕ್ದಾರ್ರೇ, ಅದೇನು ಕಮ್ಮಿ ವಿದ್ಯೆ ಅಲ್ರಿ. ಅವ ಮಾತಾಡಿದ್ರೆ ನೀವು ಕುಂತು ಕೇಳಬೇಕು, ಗಿಳಿ!"

"ಹಾಗೋ? ನಮ್ಮ ಹುಡುಗಿ ಹಾಡು ಹೇಳಿದ್ಲು. ಈಗ ನಿಮ್ಮ ಹುಡುಗ ಜರ್ಮನ್ ಹೇಳ್ಲಿ" ಎಂದರು ಶೇಕ್ದಾರರು.

ಹೆಣ್ಣು ನೋಡಲು ಹೋಗಿ ಗಂಡು ಪರೀಕ್ಷೆ ಕೊಟ್ಟದ್ದು ಆ ಸೀಮೆಯಲ್ಲಿ ಅದೇ ಮೊದಲಿರಬೇಕು. ಬಾಗಿಲ ಸಂದಿಯಲ್ಲಿ ನಾಲ್ಕಾರು ಹೆಂಗಸರ ಮುಖ ಕಂಡವು. ಗಿರಿಜೆ ತಲೆ ಎತ್ತಿ ನೋಡಿದಳು. ಓದುಗರಲ್ಲಿ ಒಂದು ಸತ್ಯ ಒಪ್ಪಿಕೊಳ್ಳಬೇಕು: ಮೂರು ವರ್ಷದಲ್ಲಿ ನಾನು ಜರ್ಮನ್ನಿನಲ್ಲಿ ಒಂದು ದಿನವೂ ಮಾತಾಡಿದವನಲ್ಲ. ನಮ್ಮ ಮೇಷ್ಟ್ರೂ ಮಾತಾಡಿದವರಲ್ಲ. ನಾವು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದೆವು, ಅಷ್ಟೇ. ಬೆವರು ಕಿವಿಯ ಹಿಂದಿನಿಂದ ಇಳಿಯಿತು. ಬೇರೇನೂ ತೋಚದೆ ಕಣ್ಣು ಮುಚ್ಚಿ, ಕೈ ತೊಡೆಯ ಮೇಲಿಟ್ಟು, ಮಗ್ಗಿಯ ರಾಗದಲ್ಲಿ ಶುರು ಮಾಡಿದೆ. ದೇರ್ ಗೇರ್ಟ್ನರ್ ಹಾಟ್ ತ್ಸ್ವೈ ಹ್ಯೂಟೆ. ತೋಟಗಾರನಿಗೆ ಎರಡು ಟೋಪಿಗಳಿವೆ. ಒಂದು ಸಲ ಬಾಯಿಗೆ ಬಂದ ಮೇಲೆ ಅದು ತಾನಾಗಿಯೇ ಹರಿಯಿತು. ಹಳೆಯ ಟೋಪಿ ಹೋಯಿತು, ಹೊಸ ಟೋಪಿ ಬಂತು, ಹೆಂಡತಿ ಕಿಟಕಿಯ ಬಳಿ ಬಂದು ನಿಂತಳು. ನಾಯಿ ಮೇಜಿನ ಕೆಳಗೆ ಹೋಗುವ ಹೊತ್ತಿಗೆ ನನ್ನ ತಲೆಯ ಮೇಲೆ ಏನೋ ಚಿಟಪಟ ಬಿತ್ತು.

ಕಣ್ಣು ಬಿಟ್ಟರೆ ಅಜ್ಜಿ. ಕೈಯಲ್ಲಿ ಕುಂಕುಮ ವೀಳ್ಯದ ಜೊತೆಗಿಟ್ಟಿದ್ದ ಅಕ್ಷತೆಯ ತಟ್ಟೆ. ನನ್ನ ತಲೆಗೆ ಹಾಕಿ ಆಗಲೇ ಗಿರಿಜೆಯ ಕಡೆ ತಿರುಗಿ ಅವಳ ತಲೆಗೂ ಒಂದು ಹಿಡಿ ಹಾಕಿದರು. "ಚೊಲೋ ಹೇಳ್ದೆ ಮಗಾ. ನಮ್ಮ ಭಟ್ರು ಇಷ್ಟು ಶುದ್ಧ ಹೇಳೂದಿಲ್ಲ, ಅರ್ಧ ಮಂತ್ರ ಎಲೆಯಡಿಕೆ ಜೊತೆ ನುಂಗ್ತಾರೆ."

"ಅಮ್ಮಾ, ಎಂತ ಮಾಡಿದ್ರಿ! ಅದು ಮಂತ್ರ ಅಲ್ಲ!" ಶೇಕ್ದಾರರು ಅರ್ಧ ಎದ್ದು ನಿಂತರು.

"ನಂಗೆ ತಿಳೀದೇ ಇದ್ದಿದ್ದು, ಕಣ್ಣು ಮುಚ್ಕಂಡು ಹೇಳೂದು, ಮಂತ್ರ ಅಲ್ದೆ ಎಂತದಾ? ನಾ ಎಂಬತ್ತು ವರ್ಷದಿಂದ ಹಂಗೇ ಕೇಳ್ಕಂಡು ಬಂದೀನಿ."

"ನಿಶ್ಚಯಾನೇ ಆಗಿಲ್ಲ ಇನ್ನೂ!"

"ಅಕ್ಕಿಕಾಳು ಬಿತ್ತಲ್ಲ. ಬಿದ್ದಿದ್ದನ್ನ ನೀ ಒಂದೊಂದೇ ಆರ್ಸಿ ವಾಪಸ್ ತಟ್ಟೆಗೆ ಹಾಕ್ತಿಯೇನಾ ಮಾರಾಯ? ಹಾಕು ನೋಡಣ."

ಶೇಕ್ದಾರರು ಚಾಪೆಯ ಮೇಲೆ ಚೆಲ್ಲಿದ ಅಕ್ಕಿಕಾಳನ್ನು ನೋಡಿದರು. ಯಾವ ಸರ್ಕಾರಿ ಹುಕುಂ ತಂದರೂ ಅದನ್ನು ಮೇಲೆತ್ತುವ ಹಾಗಿರಲಿಲ್ಲ. ಮಂತ್ರ ಮುಗಿದು ಅಕ್ಷತೆ ಬಿದ್ದ ಹುಡುಗಿಯನ್ನು ಇನ್ನೊಬ್ಬರ ಮನೆಗೆ ತೋರಿಸುವ ಧೈರ್ಯ ಅವರಿಗಿರಲಿಲ್ಲ. ಬಾಗಿಲ ಸಂದಿಯ ಹೆಂಗಸರು ಆ ಹೊತ್ತಿಗೆ ಅರ್ಧ ಊರಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಕೊನೆಗೆ ಶೇಕ್ದಾರರು ಸೋತ ದನಿಯಲ್ಲಿ "ಅದರ ಅರ್ಥವಾದ್ರೂ ಎಂತದು ಮೇಷ್ಟ್ರೇ?" ಎಂದರು. ನಾನು ಗಿರಿಜೆಯ ಕೂದಲಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿಕಾಳು ನೋಡುತ್ತ "ಗೃಹಸ್ಥಧರ್ಮದ ವಿಚಾರ" ಎಂದೆ. ಪೂರ್ತಿ ಸುಳ್ಳಲ್ಲ. ಗಂಡನಿದ್ದಾನೆ, ಹೆಂಡತಿಯಿದ್ದಾಳೆ, ಅವಳು ಪ್ರಶ್ನೆ ಕೇಳುತ್ತಾಳೆ, ಅವನು ಉತ್ತರ ಕೊಡುತ್ತಾನೆ. ಗೃಹಸ್ಥಧರ್ಮದಲ್ಲಿ ಇನ್ನೇನಿದೆ? ಅಪ್ಪ ಗಾಡಿಯಲ್ಲಿ ವಾಪಸು ಬರುವಾಗ ಸೊರಬ ಮುಟ್ಟುವ ತನಕ ಎತ್ತುಗಳಿಗೆಲ್ಲ ಕೇಳುವ ಹಾಗೆ "ಗಿಳಿ, ಗಿಳಿ" ಎನ್ನುತ್ತಲೇ ಇದ್ದರು.

ಮದುವೆಯಾಯಿತು. ಆದರೆ ಸುಳ್ಳು ಒಂದು ಸಲಕ್ಕೆ ಮುಗಿಯಲಿಲ್ಲ. ಕುಪ್ಪಗಡ್ಡೆಯಲ್ಲಿ ತೊಟ್ಟಿಲು ಶಾಸ್ತ್ರವಾದರೆ ಅಳಿಯಂದಿರು ಬಂದು ಆ ಮಂತ್ರ ಹೇಳಬೇಕು. ಹೊಸ ಬಾವಿ ತೋಡಿದರೆ ಹೇಳಬೇಕು. ಮೊದಲ ಸಲ ಎಮ್ಮೆ ಈದಾಗಲೂ ಕೊಟ್ಟಿಗೆಯಲ್ಲಿ ನಿಂತು ಆ ಎರಡು ಟೋಪಿಯ ವಿಚಾರವನ್ನು ಎಮ್ಮೆಗೆ ತಿಳಿಸಿದ್ದೇನೆ. ಶೇಕ್ದಾರರು ಕೂಡ ಈಗ ಕಚೇರಿಯಲ್ಲಿ "ನಮ್ಮ ಅಳಿಯಂದಿರು ಜರ್ಮನ್ ಪಂಡಿತರು" ಎನ್ನುತ್ತಾರಂತೆ. ಒಂದು ಸಲ ನನಗೇ ಬೇಸರವಾಗಿ, ಬದಲಾವಣೆಗೆಂದು ರೈಲ್ವೆ ಸ್ಟೇಷನ್ನಿನ ಬಗ್ಗೆ ಇದ್ದ ಎರಡನೆಯ ಪಾಠ ಹೇಳಿದೆ. ಅಜ್ಜಿ ಮೂರನೆಯ ಸಾಲಿಗೇ ಕೈ ಅಡ್ಡ ಹಿಡಿದು "ಇದು ಬ್ಯಾರೆ. ಅದ್ನೇ ಹೇಳು" ಎಂದರು. ಮನೆಯಲ್ಲಿ ನನ್ನ ಭಯ ಇನ್ನೊಂದು. ಗಿರಿಜೆಗೆ ಓದುವ ಹುಚ್ಚು. ಸಾಮಾನು ಕಟ್ಟಿದ ಕಾಗದವನ್ನೂ ಬಿಡಿಸಿ ಓದಿಯೇ ಒಲೆಗೆ ಹಾಕುವವಳು. ಸೀಸದಕಡ್ಡಿಯ ಕನ್ನಡ ಅರ್ಥವಿರುವ ಆ ಪುಸ್ತಕ ಅವಳ ಕೈಗೆ ಸಿಕ್ಕಿದರೆ ನನ್ನ ಮದುವೆಯ ಮಂತ್ರದ ಮರ್ಯಾದೆ ಏನಾದೀತು? ಟ್ರಂಕಿಗೆ ಬೀಗ ಹಾಕಿ, ಬೀಗದಕೈಯನ್ನು ಗಡಿಯಾರದ ಹಿಂದೆ ಇಟ್ಟಿದ್ದೆ. ಅವಳು ಅದರ ಅರ್ಥವನ್ನು ಒಂದು ದಿನವೂ ಕೇಳಲಿಲ್ಲ. ಎಂಥ ಗೌರವಸ್ಥೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ.

ಕಳೆದ ತಿಂಗಳು ಕುಪ್ಪಗಡ್ಡೆಗೆ ಹೋಗಿದ್ದಾಗ ಜಗುಲಿಯಲ್ಲಿ ಅಜ್ಜಿ, ನಾನು ಇಬ್ಬರೇ. ಅಜ್ಜಿ ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟುತ್ತ ಇದ್ದಕ್ಕಿದ್ದ ಹಾಗೆ "ಮಗಾ, ಅವತ್ತು ಹೇಳಿದ್ದು ಮಂತ್ರ ಅಲ್ಲ ಅಂತ ನಂಗೆ ಗೊತ್ತಿತ್ತು" ಎಂದರು. ನಾನು ಬೆಚ್ಚಿದೆ. "ಮಂತ್ರ ಹೇಳೋರು ಹಂಗೆ ಬೆವರ್ತಾರೇನಾ? ಎಂತ ಮಾಡೂದು, ಗಿರಿಜೆ ಮಾವ ಅವ್ಳನ್ನ ಅಕ್ಕಿ ಗಿರಣಿಯವ್ರ ಮನೆಗೆ ಕೊಡೂಕೆ ನೋಡಿದ್ದ. ಅಲ್ಲಿ ಭತ್ತದ ಚೀಲ ಬಿಟ್ರೆ ಓದೂಕೆ ಎಂತದೂ ಇಲ್ಲ. ಹುಡ್ಗಿ ಎರಡು ದಿನ ಉಂಡಿರ್ಲಿಲ್ಲ."

"ನಾನೇ ಯಾಕೆ ಅಜ್ಜಿ? ನನ್ನಲ್ಲಿ ಏನು ಕಂಡ್ರಿ?"

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದರು. "ಅಲವೆನ್ಸಿಲ್ಲ, ಪ್ರಮೋಷನ್ ಇಲ್ಲ ಅಂದೆ. ಅಂತದ್ನ ಮೂರು ವರ್ಷ ಕೂತು ಒಂದು ಅಕ್ಷರ ತಪ್ಪದೆ ಕಲ್ತಿಯಲ್ಲ. ಅಂತವ ಹೆಂಡ್ತೀನ ಅರ್ಧಕ್ಕೆ ಕೈ ಬಿಡೂದಿಲ್ಲ ಅನ್ನಿಸ್ತು." ಮತ್ತೆ ಕುಟ್ಟತೊಡಗಿದರು. "ಗಿರಿಜೆಗೆ ಹೇಳ್ಬೇಡ. ಅವ್ಳು ಮಂತ್ರ ಅಂತಲೇ ತಿಳ್ಕಂಡಿರ್ಲಿ."

ವಿಶ್ವವಿದ್ಯಾನಿಲಯದಲ್ಲಿ ವಿದೇಶೀ ಭಾಷೆ ಓದುವುದರ ಪ್ರಯೋಜನವನ್ನು ನನಗೆ ತಿಳಿಸಿಕೊಟ್ಟವರು ಹೆಬ್ಬೆಟ್ಟಿನ ಈ ಅಜ್ಜಿ. ಬರುವಾಗ ಬಸ್ಸಿನಲ್ಲಿ ನಾನು ಎದೆ ಸ್ವಲ್ಪ ಮುಂದೆ ಮಾಡಿಯೇ ಕೂತಿದ್ದೆ. ಪಕ್ಕದಲ್ಲಿ ಗಿರಿಜೆ ಕಿಟಕಿಯಾಚೆ ನೋಡುತ್ತಿದ್ದಳು. ಪಾಪ, ಅವಳಿಗೇನೂ ಗೊತ್ತಿಲ್ಲ, ನಾನು ಅಜ್ಜಿ ಇಬ್ಬರೇ ಬಲ್ಲ ಗುಟ್ಟು ಇದು ಎಂದು ಅವಳ ಮೇಲೆ ಕನಿಕರವೂ ಬಂತು.

ಮರುದಿನ ಬೆಳಿಗ್ಗೆ ಆ ಉತ್ಸಾಹದಲ್ಲೇ ಶಾಲೆಗೆ ಹೊರಟೆ. ನನ್ನ ಹತ್ತಿರ ದಿನಾ ಹಾಕುವ ಕರಿ ಟೋಪಿಯೊಂದಿದೆ, ಅಂಚು ಸವೆದದ್ದು. ಇನ್ಸ್‌ಪೆಕ್ಟರು ಬರುವ ದಿನಕ್ಕೆ, ಮದುವೆ ಮುಂಜಿಗೆಂದು ತೆಗೆದಿಟ್ಟ ಹೊಸತೊಂದಿದೆ. ಅವತ್ತು ಯಾವ ಇನ್ಸ್‌ಪೆಕ್ಟರೂ ಬರುವವರಿರಲಿಲ್ಲ. ಆದರೂ ಹೊಸತನ್ನೇ ಇಟ್ಟುಕೊಂಡು, ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಬೀದಿಗಿಳಿದೆ. ನಾಲ್ಕು ಹೆಜ್ಜೆ ಹೋಗಿರಬೇಕು.

"ಏನ್ರೀ" ಎಂದು ಹಿಂದಿನಿಂದ ಕರೆದಳು. ತಿರುಗಿದೆ. ಗಿರಿಜೆ ಕಿಟಕಿಯ ಬಳಿ ನಿಂತಿದ್ದಳು.

"ಹೊಸ ಟೋಪಿ ಯಾಕೆ? ಇವತ್ತು ಭಾನುವಾರವೇ?"

ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಕೇಳಿದ್ದು ಅಚ್ಚ ಕನ್ನಡದಲ್ಲಿ, ಆದರೆ ಮಗ್ಗಿಯ ರಾಗದಲ್ಲಿ. ಈ ಪ್ರಶ್ನೆಗೆ ತೋಟಗಾರ ಏನು ಉತ್ತರ ಕೊಡುತ್ತಾನೆಂದು ನಾನು ಮೂರು ವರ್ಷ ದಿನಾ ಬಾಯಿಪಾಠ ಒಪ್ಪಿಸಿದ್ದೇನೆ, ಎಮ್ಮೆಯ ಮುಂದೆ ಕೂಡ ತಡವರಿಸದೆ ಹೇಳಿದ್ದೇನೆ. ಬೀದಿಯಲ್ಲಿ ನಿಂತ ನನಗೆ ಆ ಹೊತ್ತಿನಲ್ಲಿ ಜರ್ಮನ್ನಿನಲ್ಲಾಗಲಿ ಕನ್ನಡದಲ್ಲಾಗಲಿ ಒಂದು ಶಬ್ದವೂ ನೆನಪಾಗಲಿಲ್ಲ. ಗಂಭೀರವಾಗಿ ತಲೆಯಾಡಿಸಿದೆ, ಅಪ್ಪನ ಹಾಗೆ. ಒಳಗೆ ಹೋಗಿ ಹಳೆಯ ಟೋಪಿ ಹಾಕಿಕೊಂಡು ಬಂದೆ.